ಅತ್ತೆ ಕೂಗುವವರೆಗೆ

ನಮ್ಮ ಠಾಣೆಯಲ್ಲಿ ಪ್ರತಿಯೊಬ್ಬರ ಎದೆಯ ಮೇಲೂ ಒಬ್ಬ ಅತ್ತೆ ನೇತಾಡುತ್ತಿದ್ದಳು.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕಪ್ಪು ಡಬ್ಬಿ ಅದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತೇವಲ್ಲ, ಅದರ ಪಟ್ಟಿಗೆ ಸಿಕ್ಕಿಸಿರುತ್ತಾರೆ. ಹೊಗೆಯೊಳಗೆ ಹೋದವನು ಎಚ್ಚರ ತಪ್ಪಿ ಬಿದ್ದರೆ ಹೊರಗಿನವರಿಗೆ ಗೊತ್ತಾಗಲಿ ಎಂದು. ನೀವು ಅಲ್ಲಾಡುತ್ತಿರುವಷ್ಟು ಹೊತ್ತು ಅದು ತೆಪ್ಪಗಿರುತ್ತದೆ. ಅಲ್ಲಾಡದೆ ನಿಂತಿರೋ, ಮೊದಲು ಚಿಂವ್ ಚಿಂವ್ ಎಂದು ಗೊಣಗುತ್ತದೆ. ಆಗಲೂ ಅಲ್ಲಾಡದಿದ್ದರೆ ಬಾಯಿಬಿಟ್ಟು ಕಿರುಚುತ್ತದೆ. ಗೊಣಗುವಾಗ ಮೈ ಕೊಡವಿದರೆ ತಣ್ಣಗಾಗುತ್ತದೆ. ಕಿರುಚಲು ಶುರುಮಾಡಿದ ಮೇಲೆ ಮಾತ್ರ ನೀವು ತಲೆಕೆಳಗಾಗಿ ನಿಂತರೂ ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೀಲಿ ಹೊರಗೆ, ಬಾಗಿಲ ಬಳಿಯ ಬೋರ್ಡಿನ ಮೇಲೆ, ನಿಮ್ಮ ಹೆಸರಿನ ಬಿಲ್ಲೆಯ ಜೊತೆ ನೇತಾಡುತ್ತಿರುತ್ತದೆ. ಸುಮ್ಮನೆ ನಿಂತವರನ್ನು ಕಂಡರೆ ಆಗದ, ಮೊದಲು ಗೊಣಗಿ ಆಮೇಲೆ ಕೂಗುವ, ಕೂಗಿದರೆ ಮೂರನೆಯವರು ಬಂದೇ ಬಿಡಿಸಬೇಕಾದ ಈ ಯಂತ್ರಕ್ಕೆ ಹಿರಿಯರು 'ಅತ್ತೆ' ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರಿಗೆ ಮದುವೆಯಾಗಿತ್ತೆಂದು ಬೇರೆ ಹೇಳಬೇಕಿಲ್ಲ.

ಈ ಅತ್ತೆಯ ದೆಸೆಯಿಂದ ಠಾಣೆಯಲ್ಲಿ ಎಲ್ಲರಿಗೂ ಒಂದು ಚಾಳಿ ಅಂಟಿಕೊಂಡಿತ್ತು. ರಜೆ ಯಾಕೆ ಕೊಡಲಾಗುವುದಿಲ್ಲ ಎಂದು ಗಂಭೀರವಾಗಿ ವಿವರಿಸುತ್ತಿರುವ ಅಧಿಕಾರಿ, ಮಾತು ನಿಲ್ಲಿಸದೆ, ಮುಖದ ಒಂದು ಗೆರೆಯನ್ನೂ ಕದಲಿಸದೆ, ಸೊಂಟ ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಣಿಸುವುದನ್ನು ನೀವು ನೋಡಬೇಕು. ಹೊಸಬರು ಬಿದ್ದು ಬಿದ್ದು ನಗುತ್ತಾರೆ. ಸ್ವಲ್ಪ ದಿನದಲ್ಲಿ ಅವರ ಸೊಂಟವೂ ಪಾಠ ಕಲಿತಿರುತ್ತದೆ. ಆಮೇಲೆ ಎದೆಯ ಮೇಲೆ ಡಬ್ಬಿ ಇರಲೇಬೇಕೆಂದೇನೂ ಇಲ್ಲ. ಎಲ್ಲಿ ಏನು ಚಿಂವ್ ಎಂದರೂ ಸಾಕು.

ನಮ್ಮ ಮನೆಯ ವಾಷಿಂಗ್ ಮಷಿನ್ ಒಗೆದು ಮುಗಿಸಿ ಚಿಂವ್ ಎಂದರೆ ನಾನು ಅಡುಗೆಮನೆ ಬಾಗಿಲಲ್ಲಿ, ಭಾವ ಊಟದ ಮೇಜಿನ ಬಳಿ, ಒಟ್ಟಿಗೆ ಸೊಂಟ ಕುಣಿಸುತ್ತಿದ್ದೆವು. ಅಕ್ಕ ಹೊಲಿಗೆಯ ಪೆಡಲ್ ನಿಲ್ಲಿಸಿ ನಗುತ್ತಿದ್ದಳು. "ಮದುವೇಲಿ ಒಂದ್ ಹೆಜ್ಜೆ ಹಾಕ್ರೀ ಅಂದ್ರೆ ಕಂಬದ ಹಾಗೆ ನಿಂತಿದ್ರು ಈ ಮಹಾರಾಯ್ರು. ಈಗ ನೋಡು!"

"ಮನೇಲೂ ಅತ್ತೆ, ಎದೆ ಮೇಲೂ ಅತ್ತೆ," ಎಂದು ಭಾವ ನನ್ನ ಕಿವಿಯಲ್ಲಿ ಉಸುರುತ್ತಿದ್ದರು.

"ಕೇಳಿಸ್ತು," ಎನ್ನುತ್ತಿದ್ದಳು ಒಳಗಿನಿಂದ ಅಮ್ಮ.

ಭಾವ ಎಂದರೆ ಅಕ್ಕನ ಗಂಡ. ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವರು. ಡಿಗ್ರಿ ಮುಗಿಸಿ ನಾನು ಗೋಡೆಗೆ ನೇತುಹಾಕಿಕೊಂಡಿದ್ದ ಸರ್ಟಿಫಿಕೇಟಿನ ಹಿಂದಿನ ಗೋಡೆಗೂ ಅವರದೇ ಬಣ್ಣ. ಎರಡರಲ್ಲಿ ಗೋಡೆಯೇ ಹೆಚ್ಚು ಹೊಳೆಯುತ್ತಿತ್ತು. ಆಮೇಲೆ ಊರಿನಲ್ಲಿ ಹೊಸ ಕಟ್ಟಡಗಳು ಏಳುವುದು ನಿಂತಿತು, ಭಾವನ ಕೆಲಸವೂ ನಿಂತಿತು, ಬಾಡಿಗೆ ಮನೆ ಬಿಟ್ಟು ಅಕ್ಕ ಭಾವ ನಮ್ಮಲ್ಲಿಗೇ ಬಂದರು. 'ಮನೆ ಅಳಿಯ' ಎಂಬ ಪದವನ್ನು ನಮ್ಮಲ್ಲಿ ಯಾರೂ ಆಡಿರಲಿಲ್ಲ. ಆಡದೆಯೇ ಅದು ಸೋಫಾದ ಮೇಲೆ ಕಾಲು ಚಾಚಿ ಕೂತಿತ್ತು. ಅಗ್ನಿಶಾಮಕ ಠಾಣೆಯವರು ಅಪ್ರೆಂಟಿಸ್‌ಗಳನ್ನು ಕರೆದಿದ್ದಾರೆ, ಎರಡು ವರ್ಷ ಅರ್ಧ ದಿನ ಪಾಠ ಅರ್ಧ ದಿನ ಠಾಣೆ, ಕೊನೆಗೊಂದು ಪರೀಕ್ಷೆ, ಗೆದ್ದರೆ ಕಾಯಂ ಕೆಲಸ ಎಂದು ನಾನು ಓದಿ ಹೇಳಿದಾಗ ಭಾವ ಮುಚ್ಚುತ್ತಿದ್ದ ಬಾಗಿಲಿಗೆ ಕಾಲು ಕೊಟ್ಟು ನುಗ್ಗಿದಂತೆ ಅರ್ಜಿ ಹಾಕಿದರು. ಅವರ ವಯಸ್ಸಿಗೆ ಅದೇ ಕೊನೆಯ ಸಲ. ನಾನು ನಪಾಸಾದರೆ ಮತ್ತೆ ಕೂರಬಹುದು, ಅವರು ಕೂರುವಂತಿಲ್ಲ.

"ಬೆಂಕಿ ಆರಿಸೋಕೆ ನಮ್ಮಿಬ್ಬರನ್ನೂ ಆರಿಸಿದ್ದಾರೆ!" ಎಂದು ನಾನು ಸುದ್ದಿ ತಂದ ದಿನ, ಅಮ್ಮ ಒದ್ದೆ ಬಟ್ಟೆಯ ಬುಟ್ಟಿಯನ್ನು ನಮ್ಮ ನಡುವೆ ಇಟ್ಟು, "ಬೆಂಕಿ ಆಮೇಲೆ ಆರಿಸೋರಂತೆ. ಮೊದಲು ಬಟ್ಟೆ ಆರಿಸಿ," ಎಂದಳು. ಅದು ಅವಳ ಆಶೀರ್ವಾದ.

ಠಾಣೆಯಲ್ಲಿ ನನಗೆ 'ಗಿಳಿ' ಎಂದು ಹೆಸರು ಬಿತ್ತು. ಯಾರ ದನಿಯಾದರೂ ಒಂದು ದಿನ ಕಿವಿಗೆ ಬಿದ್ದರೆ ಮರುದಿನ ನನ್ನ ಬಾಯಿಯಿಂದ ಬರುತ್ತಿತ್ತು. ಅದರಲ್ಲೂ ನಮ್ಮ ತರಬೇತುದಾರರ ದನಿ. ಅವರನ್ನು ಎಲ್ಲರೂ ಬೆನ್ನ ಹಿಂದೆ 'ಗುಡುಗು' ಎನ್ನುತ್ತಿದ್ದರು. ಅವರು ಗುಟ್ಟು ಹೇಳಿದರೂ ಎದುರು ರಸ್ತೆಯ ಔಷಧಿ ಅಂಗಡಿಯವನಿಗೆ ಕೇಳಿಸುತ್ತಿತ್ತು. ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಕೊಡುವುದು ರೂಢಿ. "ಅರ್ಥ ಆಯ್ತಾ? ಆಗಿಲ್ಲ! ಮತ್ತೊಂದ್ಸಲ!" ನಾನು ಊಟದ ಕೋಣೆಯಲ್ಲಿ ಇದನ್ನು ಬಿಟ್ಟರೆ ಚಮಚಗಳು ತಟ್ಟೆಗೆ ಬೀಳುತ್ತಿದ್ದವು. ಒಮ್ಮೆ ಅವರೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಇನ್ನೂ ಸ್ವಲ್ಪ ಹೊಟ್ಟೆಯಿಂದ ಬರಬೇಕು," ಎಂದಷ್ಟೇ ಹೇಳಿ ಹೋದರು.

ಭಾವನಿಗೆ ಗುಡುಗು ಇಟ್ಟ ಹೆಸರು 'ಏಣಿ'. ತರಬೇತಿಯ ಗೋಪುರಕ್ಕೆ ಒರಗಿಸಿದ ಉದ್ದನೆಯ ಏಣಿಯನ್ನು ನಾವೆಲ್ಲ ದೇವರ ಹೆಸರು ಹೇಳಿಕೊಂಡು ಹತ್ತಿದರೆ ಭಾವ ಪೇಟೆಗೆ ಹೊರಟವರಂತೆ ಹತ್ತಿದರು. ತುದಿಯಲ್ಲಿ ನಿಂತು, ಒಂದು ಕೈ ಬಿಟ್ಟು, ಗೋಡೆ ಕೆರೆದು ನೋಡಿ, "ಸಾರ್, ಇಲ್ಲಿ ಪ್ರೈಮರ್ ಹೊಡೆಯದೇ ಬಣ್ಣ ಬಳಿದಿದ್ದಾರೆ, ಎದ್ದು ಬರುತ್ತೆ!" ಎಂದು ಮೇಲಿನಿಂದಲೇ ಕೂಗಿದರು. ಅವತ್ತಿನಿಂದ ಭಾವ ಎಂದರೆ ತರಗತಿಗೆಲ್ಲ ಧೈರ್ಯ. ಕಷ್ಟದ ಕೆಲಸಕ್ಕೆ ಗುಡುಗು ಮೊದಲು ಕರೆಯುತ್ತಿದ್ದ ಹೆಸರು ಏಣಿಯದೇ.

ಅಂಗಳದ ಹಿಂದೆ ಹೊಗೆಮನೆ ಇತ್ತು. ಕಿಟಕಿಗಳಿಗೆ ಕಬ್ಬಿಣದ ತಗಡಿನ ಕದ ಹಾಕಿದ ಇಟ್ಟಿಗೆಯ ಕಟ್ಟಡ. ಒಳಗೆ ಒಂದು ಯಂತ್ರ ಹೊಗೆ ಉಗುಳುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಗೆ ಅಲ್ಲಿ ಬೆಲೆಯಿಲ್ಲ. ಇಬ್ಬಿಬ್ಬರಾಗಿ ಅಂಬೆಗಾಲಿಕ್ಕಿ ಒಳಗೆ ಹೋಗಬೇಕು. ಮುಂದಿನವನ ಬಲಗೈ ಗೋಡೆ ಬಿಡಬಾರದು, ಹಿಂದಿನವನ ಕೈ ಮುಂದಿನವನ ಬೂಟು ಬಿಡಬಾರದು. ಗೋಡೆ ಹಿಡಿದು ಹೋದರೆ ಎಷ್ಟು ಕೋಣೆ ಸುತ್ತಿದರೂ ಕೊನೆಗೆ ಬಾಗಿಲು ಸಿಕ್ಕೇ ಸಿಗುತ್ತದೆ. ಒಳಗೆಲ್ಲೋ ಆಳುದ್ದದ, ಆಳು ತೂಕದ ಬಟ್ಟೆಯ ಗೊಂಬೆ ಬಿದ್ದಿರುತ್ತದೆ. ಹೆಸರು ಕುಂಭಕರ್ಣ. ಅವನನ್ನು ಹುಡುಕಿ ಹೊರಗೆ ಎಳೆದು ತರಬೇಕು.

ಭಾವ ಮುಂದೆ, ನಾನು ಹಿಂದೆ. ಮೊದಲ ಕೋಣೆ ಸುಲಭವಾಗಿ ಕಳೆಯಿತು. ಎರಡನೆಯದರ ಮೂಲೆಯಲ್ಲಿ ನಾನು ಹಿಡಿದಿದ್ದ ಬೂಟು ನಿಂತಿತು.

ಏನೋ ಸಿಕ್ಕಿರಬೇಕು ಎಂದುಕೊಂಡೆ. ಕಾದೆ. ಚಿಂವ್ ಚಿಂವ್ ಎಂದಿತು ಭಾವನ ಅತ್ತೆ. ಬೂಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿತು. ಸದ್ದು ನಿಂತಿತು. ಬೂಟು ಮುಂದೆ ಹೋಗಲಿಲ್ಲ. ಮತ್ತೆ ಚಿಂವ್ ಚಿಂವ್, ಮತ್ತೆ ಸೊಂಟದ ಕುಣಿತ, ಮತ್ತೆ ನಿಶ್ಶಬ್ದ.

"ಭಾವ?"

ಬೆನ್ನು ತಡವಿಕೊಂಡು ಮುಂದೆ ಹೋಗಿ ತೋಳು ಮುಟ್ಟಿದೆ. ಬಲಗೈ ಗೋಡೆಯಿಂದ ಒಂದು ಗೇಣು ಈಚೆ ಗಾಳಿಯಲ್ಲಿ ನಿಂತುಬಿಟ್ಟಿತ್ತು, ಯಾರೋ ಅಲ್ಲಿಗೇ ಮೊಳೆ ಹೊಡೆದ ಹಾಗೆ. ಮಾಸ್ಕಿಗೆ ಮಾಸ್ಕ್ ತಾಗಿಸಿ ಟಾರ್ಚ್ ಬಿಟ್ಟೆ. ಗಾಜಿನ ಹಿಂದೆ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಅವು ನನ್ನನ್ನು ನೋಡುತ್ತಿರಲಿಲ್ಲ.

ಆ ಮನುಷ್ಯ ಪೂರ್ತಿ ಕಲ್ಲಾಗಿದ್ದರು. ಕಲ್ಲಾಗದೆ ಉಳಿದದ್ದು ಸೊಂಟ ಒಂದೇ. ಅದು ಮಾತ್ರ ಗೊಣಗು ಕೇಳಿದಾಗಲೆಲ್ಲ ತನ್ನ ಪಾಡಿಗೆ ತಾನು ಅಲ್ಲಾಡಿ, 'ಒಳಗೆ ಎಲ್ಲ ಕ್ಷೇಮ' ಎಂದು ಡಬ್ಬಿಗೆ ವರದಿ ಒಪ್ಪಿಸುತ್ತಿತ್ತು. ಆಪತ್ತನ್ನು ಸಾರಬೇಕಾದ ಯಂತ್ರವನ್ನು ಆಪತ್ತಿನಲ್ಲಿದ್ದವನ ಮೈಯೇ ಲಾಲಿ ಹಾಡಿ ಮಲಗಿಸುತ್ತಿತ್ತು. ಇಂಥ ತಪ್ಪು ಹೊರಗಿನ ಜನಕ್ಕೆ ಮಾಡಬೇಕೆಂದರೂ ಬರುವುದಿಲ್ಲ. ಅದಕ್ಕೆ ನಮ್ಮಂತೆ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಏನು ಮಾಡುವುದೆಂದು ಹೊಳೆಯಲಿಲ್ಲ. ಬಾಯಿ ತಾನೇ ತೆರೆಯಿತು. ಹೊಟ್ಟೆಯಿಂದ ಬಂತು.

"ಏಣೀ! ಬಲಗೈ ಗೋಡೆ! ಅರ್ಥ ಆಯ್ತಾ? ಆಗಿಲ್ಲ! ಹೊರಡು!"

ಕೈ ಹೋಗಿ ಗೋಡೆಗೆ ಬಡಿಯಿತು. ಬೂಟು ಹೊರಟಿತು. ಹೊಗೆಮನೆಯೊಳಗೆ ಮೆಟ್ಟಿಲ ಬುಡದಲ್ಲಿ ಕಾವಲಿಗೆ ನಿಂತಿದ್ದ ಹಿರಿಯರು ಗುಡುಗೇ ಒಳಗೆ ಬಂದಿದ್ದಾರೆಂದು ತಿಳಿದು ಸಿಗರೇಟು ಪ್ಯಾಕು ಜೇಬಿನ ಆಳಕ್ಕೆ ತಳ್ಳಿಕೊಂಡರಂತೆ. ನಾವು ಕುಂಭಕರ್ಣನನ್ನು ಎಳೆದುಕೊಂಡು ಹೊರಬಂದಾಗ, ಇಟ್ಟಿಗೆ ಗೋಡೆಯಾಚೆ ಏನೂ ಕೇಳಿಸದ ನಿಜವಾದ ಗುಡುಗು ಬೋರ್ಡಿನ ಬಳಿ ನಿಂತು, "ಸ್ವಲ್ಪ ತಡ. ಆದರೂ ಒಳ್ಳೆ ಜೋಡಿ," ಎಂದರು.

ಪೈಪು ತೊಳೆಯುವ ನಲ್ಲಿಯ ಹತ್ತಿರ ಭಾವ ಮಾಸ್ಕ್ ತೊಳೆಯುತ್ತ ನನ್ನ ಮುಖ ನೋಡಲಿಲ್ಲ.

"ಗಾಜು ಮಬ್ಬಾಗಿತ್ತು ಕಣೋ."

"ಹ್ಞೂಂ ಭಾವ."

ಎರಡನೆಯ ಸಲವೂ ಗಾಜು ಮಬ್ಬಾಯಿತು. ಮೂರನೆಯ ಸಲ ಆ ನೆಪ ಅವರಿಗೇ ಸಾಕಾಯಿತು.

"ಎದುರಿಗೆ ಗೋಡೆ ಇದೆ ಅಂತ ಗೊತ್ತಿರುತ್ತೆ," ಎಂದರು. "ನನ್ನಷ್ಟು ಗೋಡೆ ಮುಟ್ಟಿದವನು ಈ ಊರಲ್ಲಿ ಇನ್ನೊಬ್ಬ ಇಲ್ಲ. ಆದರೂ ಕೈ ಹೋಗಲ್ಲ. ಎತ್ತರದಲ್ಲಿ ಕೆಳಗೆ ಎಷ್ಟಿದೆ ಅಂತ ಕಾಣ್ಸುತ್ತಲ್ಲ, ಅದಕ್ಕೆ ಹೆದರಿಕೆ ಇಲ್ಲ. ಇಲ್ಲಿ ಏನೂ ಕಾಣ್ಸಲ್ಲ. ಕೈ ಚಾಚಿದ್ರೆ ಗೋಡೆ ಇಲ್ದೇ ಹೋದ್ರೆ ಅನ್ಸುತ್ತೆ. ಅಷ್ಟೇ. ಅಷ್ಟಕ್ಕೇ ಎಲ್ಲಾ ನಿಂತ್ಹೋಗುತ್ತೆ."

"ಗುಡುಗಿಗೆ ಹೇಳೋಣ ಭಾವ. ಅಭ್ಯಾಸ ಮಾಡಿಸ್ತಾರೆ."

"ಹೇಳಿದ್ರೆ ಅವತ್ತೇ ಮನೆಗೆ ಕಳಿಸ್ತಾರೆ. ನಿನ್ನ ಅಕ್ಕನ ಮುಖ ನೋಡಿದ್ದೀಯಾ ಈಚೆಗೆ? ನಿಮ್ಮಮ್ಮ ಮೊನ್ನೆ ನನ್ನ ತಟ್ಟೆಗೆ ತಾವೇ ಬಡಿಸಿದ್ರು. ತಾವೇ!" ನಕ್ಕರು. ಆಮೇಲೆ ದನಿ ತಗ್ಗಿಸಿದರು. "ನೀನು ಆ ದನಿ ಹಾಕಿದ್ರೆ ನಡೀತೀನಿ. ಹಾಕ್ತಾ ಇರು, ಸಾಕು. ದಿನಾ ಹೋಗಿ ಹೋಗಿ ಸರಿಹೋಗುತ್ತೆ. ಯಾರ ಹತ್ರನೂ ಉಸಿರೆತ್ತಬೇಡ."

ಉಸಿರನ್ನು ಬೆನ್ನ ಮೇಲೆ ಹೊತ್ತು ತಿರುಗುವ ನಾವು ಉಸಿರೆತ್ತದೇ ಇದ್ದೆವು. ನನಗೂ ಒಳಗೊಳಗೆ ಸುಖವಿತ್ತು, ಸುಳ್ಳೇಕೆ. ಜನರನ್ನು ನಗಿಸಲಷ್ಟೇ ಬರುತ್ತಿದ್ದ ದನಿ ಒಬ್ಬ ಮನುಷ್ಯನನ್ನು ಕತ್ತಲಲ್ಲಿ ನಡೆಸುತ್ತಿತ್ತು. ಒಳಗೆ ಹೋಗುತ್ತಿದ್ದೆವು, ಬೂಟು ನಿಲ್ಲುತ್ತಿತ್ತು, ನಾನು ಗುಡುಗುತ್ತಿದ್ದೆ, ಬೂಟು ಹೊರಡುತ್ತಿತ್ತು. ಹೊರಗೆ ಬೆನ್ನು ತಟ್ಟುತ್ತಿದ್ದರು. ಆದರೆ ಅಭ್ಯಾಸದಿಂದ ಏನೂ ಸರಿಹೋಗಲಿಲ್ಲ. ಮೊದಮೊದಲು ಒಂದು ಗುಡುಗಿಗೆ ಹೊರಡುತ್ತಿದ್ದ ಬೂಟು ಬರಬರುತ್ತ ಎರಡು ಮೂರು ಕೇಳಿತು. ಸೊಂಟ ಮಾತ್ರ ದಿನದಿನಕ್ಕೆ ಚುರುಕಾಯಿತು. ಗೊಣಗು ಪೂರ್ತಿಯಾಗುವ ಮೊದಲೇ ಅಲ್ಲಾಡಿಬಿಡುತ್ತಿತ್ತು.

ಪರೀಕ್ಷೆ ಹತ್ತಿರ ಬಂತು. ಒಂದು ಬೆಳಿಗ್ಗೆ ಗುಡುಗು ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು.

"ಪರೀಕ್ಷೆ ಆದಮೇಲೆ ಜೋಡಿ ಒಡೀತೀವಿ. ಒಬ್ಬನ ಬೂಟಿಗೇ ಒಗ್ಗಿಹೋದೋನು ಬೇರೆಯವರ ಬೂಟು ಹಿಡಿಯಲ್ಲ. ಅರ್ಥ ಆಯ್ತಾ? ಆಗಿಲ್ಲ. ಹೊಸ ಜೋಡಿ ಓದ್ತೀನಿ, ಕೇಳಿ."

ನನ್ನನ್ನು ಸೇತುವೆಯಾಚೆಯ ಠಾಣೆಗೆ ಹಾಕಿದ್ದರು. ಭಾವ ಇಲ್ಲೇ. ಅವರ ಹಿಂದೆ 'ಇರುವೆ'.

ಇರುವೆ ಎಂದರೆ ನಮ್ಮ ತಂಡದ ಅತಿ ಚಿಕ್ಕ ಆಳು. ಹೆಲ್ಮೆಟ್ ಹಾಕಿಕೊಂಡರೆ ಕುಕ್ಕರಿನ ಕೆಳಗೆ ಸಿಕ್ಕ ಹುಡುಗಿಯಂತೆ ಕಾಣುತ್ತಿದ್ದಳು. ತನ್ನ ತೂಕಕ್ಕಿಂತ ಹೆಚ್ಚಿನದನ್ನು ಎಳೆದು ತಂದದ್ದರಿಂದ ಆ ಹೆಸರು. ಜೋಕಿಗೆ ನಗುವವಳಲ್ಲ. ನನ್ನ ಯಾವ ಮಿಮಿಕ್ರಿಗೂ ಅವಳ ಹಲ್ಲು ಕಂಡದ್ದಿಲ್ಲ. ಅವತ್ತು ಬೂಟು ಒರೆಸುತ್ತ ತಾನಾಗಿಯೇ ಮಾತಾಡಿದಳು.

"ನಿಮ್ಮ ಭಾವನ ಹಿಂದೆ ಹಾಕಿದ್ದಾರೆ ನನ್ನ. ಮನೇಲಿ ಹೇಳಿದೆ. ನಮ್ಮಪ್ಪ, ಸದ್ಯ ಗಟ್ಟಿ ಮನುಷ್ಯನ ಹಿಂದೆ ಹಾಕಿದ್ರಲ್ಲ, ಇನ್ನು ನಿದ್ದೆ ಬರುತ್ತೆ ನಂಗೆ ಅಂದ್ರು."

ನಾನು ಏನೋ ತಮಾಷೆ ಮಾಡಲು ಹೋದೆ. ಬದಲಿಗೆ ನನ್ನ ಬೂಟನ್ನೂ ಒರೆಸತೊಡಗಿದೆ.

ಪೈಪುಗಳನ್ನು ಒಣಗಲು ಇಳಿಬಿಡುವ ಗೋಪುರದ ಕೆಳಗೆ ಭಾವನನ್ನು ಹಿಡಿದೆ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಭಾವ, ಇರುವೆಗೆ ಹೇಳಿಬಿಡಿ. ಇಲ್ಲಾ ಗುಡುಗಿಗೆ. ನಾನು ಇರಲ್ಲ ಅಲ್ಲಿ."

"ಪರೀಕ್ಷೆ ಆಗಲಿ. ಕಾಯಂ ಆದಮೇಲೆ ನಾನೇ ಹೋಗಿ ಪಂಪಿನ ಕೆಲಸ ಕೊಡಿ ಅಂತ ಕೇಳ್ತೀನಿ. ಲಾರಿ ಹತ್ರಾನೇ ಇರ್ತೀನಿ. ಒಳಗೆ ಹೋಗೋದೇ ಬೇಡ."

"ಕೊಡದೇ ಇದ್ರೆ?"

"ಕೊಡ್ತಾರೆ."

"ಹೊಸಬರಿಗೆ ಕೊಡಲ್ಲ ಭಾವ. ನಿಮಗೂ ಗೊತ್ತು."

ಭಾವ ಒದ್ದೆ ಪೈಪಿನ ಮೇಲೆ ಕೈಯಾಡಿಸುತ್ತ ನಿಂತರು. "ನೋಡು," ಎಂದರು ಕೊನೆಗೆ, "ನಾನು ನಿನ್ನ ಹತ್ರ ಇದುವರೆಗೂ ಏನೂ ಕೇಳಿಲ್ಲ. ಇದೊಂದ್ಸಲ. ಪರೀಕ್ಷೆ ದಿನ ದನಿ ಹಾಕು. ಆಮೇಲಿನದು ನನ್ನ ತಲೆನೋವು."

ಆಮೇಲಿನದು ಅವರ ತಲೆನೋವಾಗಿರಲಿಲ್ಲ. ಇರುವೆಯದಾಗಿತ್ತು. ಅದನ್ನು ಹೇಳಬೇಕಿತ್ತು; ಮೇಲಿನಿಂದ ಒಂದು ದೊಡ್ಡ ಹನಿ ಕುತ್ತಿಗೆಗೆ ಬಿತ್ತು, ಒರೆಸಿಕೊಂಡೆ, ಹೇಳಲಿಲ್ಲ.

ಮನೆಯಲ್ಲಿ ಅಕ್ಕ ಭಾವನ ಹೊಸ ಸಮವಸ್ತ್ರದ ತೋಳು ಚಿಕ್ಕದು ಮಾಡುತ್ತಿದ್ದಳು. ಪರೀಕ್ಷೆ ಗೆದ್ದವರ ತೋಳಿಗೆ ಹೊಲಿಯುವ ಪಟ್ಟಿ ಇನ್ನೂ ಬಂದಿರಲಿಲ್ಲ. ಬಂದರೆ ಎಲ್ಲಿ ಕೂರಬೇಕೆಂದು ಬಿಳಿ ಸೀಮೆಸುಣ್ಣದಲ್ಲಿ ಆಗಲೇ ಗೆರೆ ಎಳೆದಿದ್ದಳು.

"ಅಕ್ಕಾ, ಭಾವನಿಗೆ ಈ ಕೆಲಸ ಆಗದೇ ಹೋದ್ರೆ?"

ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳ ಸಂದಿಯಿಂದಲೇ ಮಾತಾಡಿದಳು. "ಬೇರೆಯವರು ಬೆಂಕಿ ಬಿದ್ದಾಗ ಬಾವಿ ತೋಡ್ತಾರೆ. ನೀನು ಬಾವಿ ತೋಡಿ ಆದ್ಮೇಲೆ, ನೀರು ಬಂದ್ಮೇಲೆ, ಅದರೊಳಗೇ ಬೀಳ್ತೀನೇನೋ ಅಂತ ಕೇಳ್ತಿದ್ದೀಯ. ಏನಾಯ್ತೀಗ?"

"ಏನಿಲ್ಲ."

"ಏನಿಲ್ಲದೇ ನೀನು ಹೀಗೆ ನಿನ್ನ ದನಿಯಲ್ಲೇ ಮಾತಾಡೋದಿಲ್ಲ." ಸೂಜಿಗಳನ್ನು ಒಂದೊಂದಾಗಿ ತೆಗೆದಳು. "ಅವರು ಈ ಮನೇಲಿ ಬಾಗಿಲು ಹಾಕೋವಾಗಲೂ ಸದ್ದಾಗದ ಹಾಗೆ ಹಾಕ್ತಿದ್ರು, ಗೊತ್ತಾ? ನಂಟರ ಮನೇಲಿ ಇರೋ ಹಾಗೆ. ಈಗ ಎಳೆದು ಹಾಕ್ತಾರೆ. ಆ ಸದ್ದು ಕೇಳಿದ್ರೆ ನಂಗೆ ಜೀವ ಬಂದಂಗಾಗುತ್ತೆ. ಏನಾದ್ರೂ ಇದ್ರೆ ಹೇಳು. ಇಲ್ಲದಿದ್ರೆ ಹೆದರಿಸಬೇಡ."

ಒಳಗೆ ಬಚ್ಚಲಿನ ಬಾಗಿಲು ದಡಾರನೆ ಹಾಕಿಕೊಂಡಿತು. ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಪರೀಕ್ಷೆಗೆ ಯಂತ್ರದ ಹೊಗೆಯಲ್ಲ, ನಿಜವಾದ ಬೆಂಕಿ. ಹೊಗೆಮನೆಯ ಮೊದಲ ಕೋಣೆಯಲ್ಲಿ ಮರದ ಹಲಗೆಗಳನ್ನು ಒಟ್ಟಿ ಹಚ್ಚಿದ್ದರು. ಹೊರಗಿನಿಂದ ಬಂದ ಪರೀಕ್ಷಕರಿಬ್ಬರು ಮಡಚಿದ ಕೊಡೆಯಂಥ ಮುಖ ಮಾಡಿಕೊಂಡು ನಿಂತಿದ್ದರು. ಬೋರ್ಡಿನ ಬಳಿ ಗುಡುಗು. ನಮ್ಮ ಹಿಂದೆ ತನ್ನ ಸರದಿಗೆ ಕಾಯುತ್ತ ಇರುವೆ.

ಬಿಲ್ಲೆ ಕೊಟ್ಟೆವು, ಕೀಲಿ ಕೊಟ್ಟೆವು. ಮಾಸ್ಕ್ ಎಳೆದುಕೊಳ್ಳುವ ಮುಂಚೆ ಭಾವ ಬಗ್ಗಿ ಕೇಳಿದರು. "ದನಿ ರೆಡಿನಾ?"

ನಾನು ಮಾಸ್ಕಿನ ಪಟ್ಟಿ ಬಿಗಿಮಾಡಿಕೊಳ್ಳುವ ನೆಪ ಮಾಡಿದೆ.

ಒಳಗೆ ಚಾವಣಿಯ ಕೆಳಗೆ ಬೆಂಕಿ ಕಿತ್ತಳೆ ಬಣ್ಣದ ಚಾಪೆಯಂತೆ ಹಾಸಿಕೊಂಡಿತ್ತು. ಬಿಸಿ ಹೆಗಲ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತುತ್ತಿತ್ತು. ಭಾವ ನೀರು ಚೆನ್ನಾಗಿಯೇ ಬಿಟ್ಟರು. ಕಾಣುವ ಬೆಂಕಿಯೆಂದರೆ ಅವರಿಗೆ ಎಂದೂ ಭಯವಿರಲಿಲ್ಲ. ಬೆಂಕಿ ಕುಗ್ಗಿತು, ಬೆಳಕು ಹೋಯಿತು, ಹೊಗೆ ನೆಲದವರೆಗೆ ಇಳಿಯಿತು. ನಾವು ಎರಡನೆಯ ಕೋಣೆಗೆ ತೆವಳಿದೆವು. ಮೂಲೆ ಬಂತು.

ಬೂಟು ನಿಂತಿತು.

ಚಿಂವ್ ಚಿಂವ್. ಕುಣಿತ. ನಿಶ್ಶಬ್ದ.

"ದನಿ ಹಾಕೋ," ಎಂಬ ಮಾತು ಮಾಸ್ಕಿನೊಳಗಿಂದ, ಮುಚ್ಚಳ ಹಾಕಿದ ಕೊಡದೊಳಗಿಂದ ಬಂದ ಹಾಗೆ ಬಂತು.

ಗುಡುಗು ನನ್ನ ಗಂಟಲಲ್ಲಿ ಸಿದ್ಧರಾಗಿ ಕೂತಿದ್ದರು. ಬಾಯಿ ತೆರೆದರೆ ಮುಗಿಯಿತು. ಕುಂಭಕರ್ಣ ಎಲ್ಲೋ ನಾಲ್ಕು ಮಾರು ದೂರದಲ್ಲಿದ್ದ. ಅವನನ್ನು ಎಳೆದು ಹೊರಗೆ ಹಾಕಿದರೆ ಪಟ್ಟಿ, ಸೀಮೆಸುಣ್ಣದ ಗೆರೆಯ ಮೇಲೆ ಹೊಲಿಗೆ, ದಡಾರನೆ ಮುಚ್ಚುವ ಬಾಗಿಲು. ನನ್ನ ಕೈ ಭಾವನ ಬೂಟಿನ ಮೇಲಿತ್ತು. ಮುಂದೆ ಯಾವತ್ತೋ ಯಾರದೋ ಮನೆಯೊಳಗೆ ಇದೇ ಬೂಟಿನ ಮೇಲೆ ಇದಕ್ಕಿಂತ ಚಿಕ್ಕ ಕೈ ಇರುತ್ತದೆ. ಅದು ಕಾಯುತ್ತದೆ. ಏನೋ ಸಿಕ್ಕಿರಬೇಕು ಎಂದುಕೊಳ್ಳುತ್ತದೆ. ಗಟ್ಟಿ ಮನುಷ್ಯನಲ್ಲವೇ ಎಂದುಕೊಂಡು ಕಾಯುತ್ತಲೇ ಇರುತ್ತದೆ.

ಚಿಂವ್ ಚಿಂವ್. ಕುಣಿತ.

"ಹಾಕೋ! ಕೈ ಮುಗೀತೀನಿ!"

ಮಾತಾಡಿದೆ. ಬೇರೆ ಯಾರದೂ ಅಲ್ಲದ ನನ್ನದೇ ದನಿ ಬಳಸಿ ಎಷ್ಟೋ ದಿನವಾಗಿತ್ತು. ತೆಳ್ಳಗೆ, ನಡುಗುತ್ತ ಬಂತು.

"ಅಲ್ಲಾಡಬೇಡಿ ಭಾವ."

"ಏನು?"

"ಅಲ್ಲಾಡಬೇಡಿ. ಕೂಗಲಿ ಬಿಡಿ."

"ಹುಚ್ಚು ಹಿಡೀತೇನೋ ನಿಂಗೆ?"

"ಇರುವೆಗೆ ಮಿಮಿಕ್ರಿ ಬರಲ್ಲ ಭಾವ."

ಚಿಂವ್ ಚಿಂವ್. ಕುಣಿತ ಬಂತು, ಆದರೆ ಅರ್ಧ. ಭಾವನ ಉಸಿರು ಜೋರಾಗಿ ಕೇಳುತ್ತಿತ್ತು. ನಾನು ಬೂಟಿನಿಂದ ಕೈ ತೆಗೆದು ಅವರ ಬೆನ್ನ ಮೇಲಿಟ್ಟೆ. ಒತ್ತಲಿಲ್ಲ. ಒತ್ತಿದ್ದರೂ ಆ ದೇಹ ನನ್ನ ಹಿಡಿತಕ್ಕೆ ಸಿಗುವುದಾಗಿರಲಿಲ್ಲ. ಒಂದು ಸಲ ಕೊಡವಿದ್ದರೆ ನಾನು ಗೋಡೆಗೆ ಬೀಳುತ್ತಿದ್ದೆ.

ಚಿಂವ್ ಚಿಂವ್.

ಕೈ ಕೆಳಗಿನ ಬೆನ್ನು ಬಿಗಿಯಾಯಿತು. ಸೊಂಟ ತುಯ್ಯುತ್ತಿತ್ತು, ಕಟ್ಟಿಹಾಕಿದ ದನ ಹಗ್ಗ ಜಗ್ಗುವ ಹಾಗೆ. ಅದನ್ನು ಹಿಡಿದು ನಿಲ್ಲಿಸಿದ್ದು ನಾನಲ್ಲ. ಗೊಣಗು ಉದ್ದವಾಯಿತು, ಚೂಪಾಯಿತು.

ಅತ್ತೆ ಕೂಗಿದಳು.

ಆ ಸದ್ದನ್ನು ಅಷ್ಟು ಹತ್ತಿರದಿಂದ, ಪೂರ್ತಿಯಾಗಿ, ನಾನು ಅದುವರೆಗೆ ಕೇಳಿರಲಿಲ್ಲ. ಯಾರೂ ಕೇಳಿಸಿಕೊಳ್ಳಲು ಬಿಡುತ್ತಿರಲಿಲ್ಲವಲ್ಲ. ಇಟ್ಟಿಗೆ ಗೋಡೆಗಳು ಅದನ್ನು ಒಂದಕ್ಕೊಂದು ಎಸೆದಾಡಿದವು. ಹೊರಗೆ ಬೂಟುಗಳು ಓಡಿದವು. ತಗಡಿನ ಕಿಟಕಿಗಳು ಒಂದಾದಮೇಲೊಂದು ತೆರೆದವು, ಹೊಗೆ ಹಿಂಜಿದ ಹತ್ತಿಯಂತೆ ಹೊರಹೋಯಿತು. ಬೆಳಕು ಬಂದಾಗ ಭಾವ ಮೂಲೆಯಲ್ಲಿ ಮೊಣಕಾಲೂರಿ ಕೂತಿದ್ದರು. ಬಲಗೈ ಇನ್ನೂ ಗಾಳಿಯಲ್ಲೇ ಇತ್ತು, ಗೋಡೆಯಿಂದ ಒಂದು ಗೇಣು ಈಚೆ. ಮೊದಲು ಒಳಗೆ ನುಗ್ಗಿ ಅವರ ಸಿಲಿಂಡರಿನ ಪಟ್ಟಿ ಹಿಡಿದು ಎಳೆದವಳು ಇರುವೆ.

ಅಂಗಳದಲ್ಲಿ ಗುಡುಗು ಕೀಲಿ ಹಾಕಿ ಡಬ್ಬಿಯ ಬಾಯಿ ಮುಚ್ಚಿಸಿದರು.

"ಇವತ್ತು ಒಂದಿನಾನಾ?"

"ಅಲ್ಲ ಸಾರ್. ಮೊದಲಿನಿಂದ," ಎಂದರು ಭಾವ. "ಇವನದೇನೂ ತಪ್ಪಿಲ್ಲ."

"ಇದೆ ಸಾರ್," ಎಂದೆ ನಾನು. ಎಲ್ಲ ಹೇಳಿದೆ. ದನಿಯದನ್ನೂ.

ಗುಡುಗು ಕೀಲಿಯನ್ನು ಮತ್ತೆ ಬೋರ್ಡಿಗೆ ನೇತುಹಾಕಿ ನನ್ನ ಕಡೆ ತಿರುಗಿದರು. "ಒಳಗೆ ನನ್ನ ದನಿ ಹಾಕ್ತಿದ್ದೆ. ಹಾಕು, ಕೇಳೋಣ."

"ಸಾರ್..."

"ಹಾಕು."

ಹಾಕಿದೆ. ಏಣೀ, ಬಲಗೈ ಗೋಡೆ, ಅರ್ಥ ಆಯ್ತಾ, ಆಗಿಲ್ಲ, ಹೊರಡು. ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಯಾರೂ ನಗಲಿಲ್ಲ. ಕಾವಲಿನ ಹಿರಿಯರು ತಲೆ ತಗ್ಗಿಸಿದರು. ನನ್ನ ಪಕ್ಕದಲ್ಲಿ, ಮಾಸ್ಕಿಲ್ಲದೆ, ಹಾಡಹಗಲಲ್ಲಿ, ಭಾವನ ಬಲಗೈ ಒಮ್ಮೆ ಎದ್ದು ಗೋಡೆ ಹುಡುಕಿ ಕೆಳಗಿಳಿಯಿತು.

"ಈ ದನಿ ನಂಬ್ಕೊಂಡು ಒಂದಿನ ಯಾರಾದ್ರೂ ಸಾಯ್ತಿದ್ರು," ಎಂದರು ಗುಡುಗು. ಎದುರು ರಸ್ತೆಗೆ ಕೇಳಿಸದಷ್ಟು ಮೆಲ್ಲಗೆ. "ಅರ್ಥ ಆಯ್ತಾ?" ಎಂದರು. ಉತ್ತರ ಅವರು ಕೊಡಲಿಲ್ಲ.

ಭಾವನಿಗೆ ಅವತ್ತೇ ಮುಗಿಯಿತು. ನನ್ನ ಪಟ್ಟಿಯನ್ನು ತಡೆಹಿಡಿದು ಇನ್ನಷ್ಟು ತಿಂಗಳು ತರಬೇತಿ ಎಂದರು, ಬೇರೆ ಜೋಡಿಯೊಂದಿಗೆ. ಬಟ್ಟೆ ಬದಲಿಸುವ ಕೋಣೆಯ ಹೊರಗೆ ಇರುವೆ ನಿಂತಿದ್ದಳು. ಏನಾದರೂ ಒಳ್ಳೆಯ ಮಾತು ಬರುತ್ತದೇನೋ ಎಂದು ನಾನು ನಿಂತೆ.

"ಜೋಡಿ ಓದಿದ ದಿನ ಹೇಳಬೇಕಿತ್ತು ನೀವು ನಂಗೆ," ಎಂದಳು. ಹೆಲ್ಮೆಟ್ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದಳು.

ಮನೆಗೆ ಇಬ್ಬರೂ ನಡೆದುಕೊಂಡೇ ಬಂದೆವು. ದಾರಿಯಲ್ಲಿ ಭಾವ ಒಂದು ಕಟ್ಟಡದ ಮುಂದೆ ನಿಂತು ಗೋಡೆಯ ಬಣ್ಣ ನೋಡಿದರು. ಮುಟ್ಟಲಿಲ್ಲ. "ಬೇರೆ ದಾರಿ ಇತ್ತೇನೋ," ಎಂದೆ ನಾನು. "ಇತ್ತು," ಎಂದರು. "ನಾನು ಕೇಳಿದ್ದು ಅದನ್ನೇ." ಮನೆಗೆ ಬಂದು ಬಾಗಿಲನ್ನು ಹಿಡಿಕೆ ತಿರುಗಿಸಿ, ಸದ್ದಾಗದ ಹಾಗೆ ಹಾಕಿದರು. ಒಳಗೆ ಹೊಲಿಗೆ ಮಷಿನ್ ನಿಂತಿತು. ಅಕ್ಕನಿಗೆ ಬೇರೆ ಸುದ್ದಿ ಬೇಕಾಗಲಿಲ್ಲ.

ಅವರಿಬ್ಬರೂ ಕೋಣೆಯೊಳಗೆ ಮಾತಾಡಿದರು. ಹೊರಗೆ ಬಂದ ಅಕ್ಕ ನನ್ನೆದುರು ನಿಂತಳು. ಅತ್ತಿರಲಿಲ್ಲ.

"ನೀನು ಆ ದನಿ ಹಾಕಿದ್ರೆ ಪಾಸಾಗ್ತಿದ್ರಂತೆ."

"ಅಕ್ಕಾ, ಆಮೇಲೆ ಆ ಹುಡುಗಿ..."

"ಆ ಹುಡುಗಿ ವಿಷ್ಯ ಗೊತ್ತಾಯ್ತು. ಅವರೇ ಹೇಳಿದ್ರು. ನೀನು ಮಾಡಿದ್ದು ಸರಿ ಅಂತಾನೂ ಹೇಳಿದ್ರು." ಅವಳ ಬೆರಳು ಅಂಗಿಯ ತೋಳಿನ ಮೇಲಿದ್ದ ಸೀಮೆಸುಣ್ಣದ ಗೆರೆಯನ್ನು ಉಜ್ಜುತ್ತಿತ್ತು. ಅದು ಹೋಗುವ ಬದಲು ಹರಡುತ್ತಿತ್ತು. "ನಾನು ಕೇಳ್ತಿರೋದು ಬೇರೆ. ಹಾಲಿನವನ ದನಿ ಹಾಕ್ತೀಯ, ಅಮ್ಮನ ದನಿ ಹಾಕ್ತೀಯ, ಊರವರದ್ದೆಲ್ಲಾ ಹಾಕ್ತೀಯ. ಅವತ್ತು ನಾನು ಕೇಳಿದಾಗ, ಇಲ್ಲೇ, ನಿನ್ನ ದನಿಯಲ್ಲಿ ಒಂದ್ ಮಾತು ಹೇಳೋಕಾಗ್ಲಿಲ್ವಾ? ಹೇಳಿದ್ರೆ ಅವರೇ ಬಿಟ್ಟು ಬರ್ತಿದ್ರು. ಎಲ್ಲರೆದುರಿಗೆ ಎಳೆದು ತರಿಸ್ಕೊಳ್ಳೋದಾದ್ರೂ ತಪ್ತಿತ್ತು."

ನೆಲಕ್ಕೆ ಬಿದ್ದಿದ್ದ ಗುಂಡುಸೂಜಿಯೊಂದನ್ನು ಎತ್ತಿ ಹೊಲಿಗೆ ಮಷಿನ್ನಿನ ಮೇಲಿಟ್ಟೆ.

ಅಮ್ಮ ತಟ್ಟೆಗಳನ್ನು ಹಾಕಿದಳು. ನಾಲ್ವರೂ ಕೂತೆವು. ಭಾವನ ತಟ್ಟೆಗೆ ಅಮ್ಮ ತಾನೇ ಬಡಿಸಿದಳು. "ತಿನ್ನಿ ಅಳಿಯಂದಿರೇ, ತಣ್ಣಗಾಗುತ್ತೆ," ಎಂದಳು. ಆ ಮಾತಿನಲ್ಲಿ ಎಲ್ಲಾದರೂ ಮುಳ್ಳಿದೆಯೇ ಎಂದು ನಾವು ಮೂವರೂ ಹುಡುಕಿದೆವು. ಸಿಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆಗ ಬಚ್ಚಲಿನ ಪಕ್ಕದಲ್ಲಿ ವಾಷಿಂಗ್ ಮಷಿನ್ ಚಿಂವ್ ಎಂದಿತು.

ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ನನ್ನ ಸೊಂಟ ಅಲುಗಿತು. ಎದುರಿಗೆ, ಅದೇ ಕ್ಷಣದಲ್ಲಿ, ಭಾವನದೂ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಕೆಲಸ ಹೋಗಿದೆ ಎಂದು ಅದಕ್ಕೆ ಇನ್ನೂ ಯಾರೂ ಹೇಳಿರಲಿಲ್ಲ.

ಭಾವ ತಟ್ಟೆಯ ಮೇಲೆ ಬಗ್ಗಿದರು. ಅಕ್ಕ ಅವರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಎದ್ದಳು, ಬುಟ್ಟಿ ತೆಗೆದುಕೊಂಡಳು, ಬಟ್ಟೆ ಆರಿಸಲು ಒಬ್ಬಳೇ ಹೋದಳು.